ಪಾದ, ಪಾದದ ಮಾದರಿ, ಪಾದದ ನೋವು

ಮನುಷ್ಯನ ಒಂದೊಂದು ಪಾದದಲ್ಲೂ 26 ಮೂಳೆಗಳಿವೆ. ಹಿಮ್ಮಡಿಯಿಂದ ಹೆಬ್ಬೆರಳಿನ ಬುಡದವರೆಗೆ, ಒಳಬದಿಯಲ್ಲಿ, ಅವು ಕಮಾನಿನಂತೆ ಎದ್ದು ನಿಂತಿರುತ್ತವೆ. ಕಲ್ಲಿನ ಕಮಾನು ತನ್ನ ಭಾರದಿಂದಲೇ ಬಿಗಿಗೊಳ್ಳುತ್ತದೆ. ಪಾದದ ಕಮಾನು ಹಾಗಲ್ಲ, ಅದನ್ನು ಕೆಳಗಿನಿಂದಲೂ ಬದಿಯಿಂದಲೂ ಎಳೆದು ಹಿಡಿಯುವ ನಾರುಗಳು ಬೇಕು. ಅಂಗಾಲಿನ ಉದ್ದಕ್ಕೂ ಹಾಸಿರುವ ದಪ್ಪ ಪೊರೆ ಅಂಥದ್ದೊಂದು. ಹಿಮ್ಮಡಿಯ ಮೂಳೆಯನ್ನು ದೋಣಿಯಾಕಾರದ ಮೂಳೆಗೆ ಬಿಗಿದಿರುವ ಸ್ಪ್ರಿಂಗ್ ಅಸ್ಥಿರಜ್ಜು ಇನ್ನೊಂದು. ಮೂರನೆಯದು ಮೀನಖಂಡದ ಒಳಗಿನಿಂದ ಹೊರಟು, ಕಾಲಿನ ಒಳಗಂಟಿನ ಹಿಂದೆ ಬಳಸಿ ಪಾದದ ಒಳಬದಿಗೆ ಬಂದು ಅಂಟುವ ಟಿಬಿಯಾಲಿಸ್ ಪೋಸ್ಟೀರಿಯರ್ ಎಂಬ ಸ್ನಾಯುವಿನ ರಜ್ಜು. ನಡುವಯಸ್ಸಿನಲ್ಲಿ ಈ ರಜ್ಜು ಸವೆದು ಸೋತಾಗ, ಅದರ ಹಿಂದೆಯೇ ಸ್ಪ್ರಿಂಗ್ ಅಸ್ಥಿರಜ್ಜು ಸಡಿಲಗೊಂಡಾಗ, ಕಮಾನು ಕುಸಿಯುತ್ತದೆ, ಹಿಮ್ಮಡಿ ಹೊರಕ್ಕೆ ವಾಲುತ್ತದೆ, ಪಾದದ ಮುಂಭಾಗ ಹೊರಗೆ ತಿರುಗುತ್ತದೆ. ವಯಸ್ಕರ ಚಪ್ಪಟೆ ಪಾದ ಎನ್ನುವುದು ಇದನ್ನೇ. ನಲವತ್ತು ದಾಟಿದ ಹೆಂಗಸರಲ್ಲಿ, ಬೊಜ್ಜು, ಮಧುಮೇಹ, ರಕ್ತದೊತ್ತಡ ಇರುವವರಲ್ಲಿ ಇದು ಹೆಚ್ಚು. 1989ರಲ್ಲಿ ಜಾನ್ಸನ್ ಮತ್ತು ಸ್ಟ್ರೋಮ್ ಎಂಬ ವೈದ್ಯರು ಇದನ್ನು ಮೂರು ಹಂತಗಳಾಗಿ ವಿಂಗಡಿಸಿದರು. ಕಣಕಾಲಿನ ಕೀಲೂ ವಾಲುವ ನಾಲ್ಕನೆಯ ಹಂತ ಆಮೇಲೆ ಸೇರಿಕೊಂಡಿತು. 2020ರಲ್ಲಿ ತಜ್ಞರ ಗುಂಪೊಂದು ಕಾಯಿಲೆಯ ಹೆಸರನ್ನೇ ಬದಲಿಸಿ, ಕ್ರಮೇಣ ಕುಸಿಯುವ ಪಾದವಿಕಾರ ಎಂಬ ಅರ್ಥದ ಹೆಸರನ್ನು ಸೂಚಿಸಿತು.

ಹೊಂದುವ ಪಾದರಕ್ಷೆ, ಕಮಾನಿಗೆ ಆಸರೆ ಕೊಡುವ ಒಳಹಾಸು, ಪಟ್ಟಿ, ವ್ಯಾಯಾಮ, ತೂಕ ಇಳಿಸುವುದು ಮೊದಲ ಚಿಕಿತ್ಸೆ. ಇವುಗಳಿಂದ ನೋವು ಇಳಿಯದಿದ್ದರೆ ಶಸ್ತ್ರಚಿಕಿತ್ಸೆ. ಹಿಮ್ಮಡಿ ಮೂಳೆಯನ್ನು ಕತ್ತರಿಸಿ ಒಳಕ್ಕೆ ಸರಿಸಿ ಸ್ಕ್ರೂ ಹಾಕುವುದು, ಹೊರಬದಿಯ ಮೂಳೆಗೆ ಬೆಣೆ ಸೇರಿಸಿ ಉದ್ದ ಮಾಡುವುದು, ಬೆರಳುಗಳನ್ನು ಮಡಿಸುವ ಸ್ನಾಯುವಿನ ರಜ್ಜನ್ನು ಸೋತ ರಜ್ಜಿನ ಜಾಗಕ್ಕೆ ಕಸಿ ಮಾಡುವುದು, ಪಾದ ಗಡುಸಾಗಿಬಿಟ್ಟಿದ್ದರೆ ಕೀಲುಗಳನ್ನೇ ಬೆಸೆಯುವುದು, ಹೀಗೆ ಹಲವು ದಾರಿಗಳಿವೆ. ಹಿಮ್ಮಡಿ ಮೂಳೆಗೂ ಅದರ ಮೇಲಿನ ಮೂಳೆಗೂ ನಡುವೆ ಇರುವ ಸಣ್ಣ ಸುರಂಗದಲ್ಲಿ ಟೈಟಾನಿಯಂ ಗೂಟವೊಂದನ್ನು ಕೂರಿಸಿ, ಪಾದ ಒಳಕ್ಕೆ ವಾಲದಂತೆ ತಡೆಯುವುದು ಇನ್ನೊಂದು ವಿಧಾನ. ಮಕ್ಕಳಲ್ಲಿ ಇದರ ಬಳಕೆ ಹೆಚ್ಚು, ವಯಸ್ಕರಲ್ಲಿ ಚರ್ಚೆಯೂ ಹೆಚ್ಚು. ಗೂಟ ಕೂತ ಜಾಗದಲ್ಲೇ ನೋವು ಶುರುವಾಗಿ ಅದನ್ನು ತೆಗೆಯಬೇಕಾದ ಸಂದರ್ಭಗಳು ಕಡಿಮೆಯಿಲ್ಲ.

ಯಾವ ಪಾದಕ್ಕೆ ಯಾವ ದಾರಿ, ಗೂಟ ಎಷ್ಟು ದಪ್ಪ, ಬೆಣೆ ಎಷ್ಟು ಅಗಲ ಎಂಬುದನ್ನು ಚರ್ಮ ಕತ್ತರಿಸುವ ಮೊದಲೇ ತಿಳಿಯಲು ಕಂಪ್ಯೂಟರ್ ಮಾದರಿ ಹುಟ್ಟಿಕೊಂಡಿತು. ಸಿ.ಟಿ. ಸ್ಕ್ಯಾನ್‌ನ ಹೋಳುಗಳಿಂದ ಒಂದೊಂದೇ ಮೂಳೆಯ ಅಂಚನ್ನು ಗುರುತಿಸಿ, ಮೂರು ಆಯಾಮದ ಆಕಾರ ಕಟ್ಟಿ, ಅದನ್ನು ಲಕ್ಷಗಟ್ಟಲೆ ಸಣ್ಣ ಚೂರುಗಳಾಗಿ ಒಡೆಯುತ್ತಾರೆ. ಇದಕ್ಕೆ ಫೈನೈಟ್ ಎಲಿಮೆಂಟ್ ವಿಧಾನ ಎಂದು ಹೆಸರು. ರಿಚರ್ಡ್ ಕೂರಂಟ್ 1943ರಲ್ಲಿ ಇದರ ಗಣಿತದ ಬೀಜ ಹಾಕಿದರು, ರೇ ಕ್ಲಫ್ 1960ರಲ್ಲಿ ಈ ಹೆಸರಿಟ್ಟರು. ವಿಮಾನದ ರೆಕ್ಕೆ, ಅಣೆಕಟ್ಟುಗಳಿಗೆಂದು ಬೆಳೆದ ಲೆಕ್ಕ 1970ರ ದಶಕದಲ್ಲಿ ಮೂಳೆಗೆ ಬಂತು. ಪ್ರತಿ ಚೂರಿಗೂ ಒಂದು ಗಡಸುತನವನ್ನು ಕೊಡಬೇಕು. ಪಾದದ ಮಾದರಿಗಳಲ್ಲಿ ಮೂಳೆಗೆ ಒಳ-ಹೊರ ಪದರಗಳ ಸರಾಸರಿಯಾಗಿ 7,300 ಮೆಗಾಪಾಸ್ಕಲ್, ಅಂಗಾಲಿನ ಪೊರೆಗೆ 350, ಅಸ್ಥಿರಜ್ಜುಗಳಿಗೆ 260, ಮೃದ್ವಸ್ಥಿಗೆ ಸುಮಾರು 1 ಎಂಬ ಬೆಲೆಗಳು ಬಹಳ ಕಡೆ ಬಳಕೆಯಲ್ಲಿವೆ. 70 ಕಿಲೋ ತೂಕದ ವ್ಯಕ್ತಿ ಎರಡೂ ಕಾಲಿನ ಮೇಲೆ ಸಮವಾಗಿ ನಿಂತಾಗ ಒಂದು ಪಾದದ ಮೇಲೆ ಬೀಳುವ ಭಾರ ಸುಮಾರು 350 ನ್ಯೂಟನ್. ಹಿಮ್ಮಡಿಯ ಹಿಂದಿನ ಅಕಿಲೀಸ್ ರಜ್ಜಿಗೆ ಅದರ ಅರ್ಧದಷ್ಟು ಎಳೆತ ಕೊಡುವುದು ರೂಢಿ. ಆಮೇಲೆ ಮಾದರಿಯಲ್ಲಿ ಒಂದು ರಜ್ಜನ್ನು ಅಳಿಸಬಹುದು, ಸ್ಪ್ರಿಂಗ್ ಅಸ್ಥಿರಜ್ಜನ್ನು ಸಡಿಲಿಸಬಹುದು, ಗೂಟ ಕೂರಿಸಿ ತೆಗೆಯಬಹುದು. ಎಷ್ಟು ಸಲ ಕೊಯ್ದರೂ ರಕ್ತ ಬರುವುದಿಲ್ಲ. ಪರದೆಯ ಮೇಲೆ ನೀಲಿಯಿಂದ ಕೆಂಪಿನವರೆಗೆ ಬಣ್ಣಗಳು ಮೂಡುತ್ತವೆ. ಕೆಂಪು ಇದ್ದಲ್ಲಿ ಒತ್ತಡ ಹೆಚ್ಚು.

ಈ ಬಣ್ಣದ ಚಿತ್ರವನ್ನು ತೋರಿಸಿ ಇಂಜಿನಿಯರು ‘ಇದು ರೋಗಿಯ ಪಾದ’ ಎನ್ನುತ್ತಾರೆ. ಅದು ಪಾದವಲ್ಲ, ಅಂಕಿಗಳ ಒಂದು ರಾಶಿ. ಆದರೂ ಆ ಮಾತು ಸುಳ್ಳೂ ಅಲ್ಲ. ಒಂದು ವಸ್ತುವಲ್ಲದ್ದನ್ನು ಆ ವಸ್ತುವೆಂದು ಕರೆಯುವ ಹಕ್ಕು ಎಲ್ಲಿಂದ ಬರುತ್ತದೆ, ಆ ಹಕ್ಕು ಎಲ್ಲಿಗೆ ಮುಗಿಯುತ್ತದೆ ಎಂಬುದು ತತ್ತ್ವಶಾಸ್ತ್ರದ ಪ್ರಶ್ನೆ. ಈ ಪ್ರಶ್ನೆಯನ್ನು ಶತಮಾನಗಳ ಹಿಂದೆಯೇ ಬಿಡಿಸಿಟ್ಟ ಜೈನ ಪರಂಪರೆ ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳದ ಸೀಮೆಯಲ್ಲಿ ಇಂದಿಗೂ ಬದುಕಿದೆ. ಗುರು ಬಸದಿಯೆಂದೂ ಕರೆಯುವ ಮೂಡುಬಿದಿರೆಯ ಸಿದ್ಧಾಂತ ಬಸದಿ ದಿಗಂಬರ ಜೈನರ ಅತ್ಯಂತ ಹಳೆಯ ಆಗಮಗಳಲ್ಲಿ ಒಂದಾದ ಷಟ್ಖಂಡಾಗಮದ ತಾಳೆಗರಿಗಳನ್ನು, ಅದರ ಮೇಲೆ ವೀರಸೇನಾಚಾರ್ಯರು 9ನೇ ಶತಮಾನದಲ್ಲಿ ಬರೆದ ಧವಳಾ ಟೀಕೆಯನ್ನು ಹಳಗನ್ನಡ ಲಿಪಿಯಲ್ಲಿ ಉಳಿಸಿಕೊಂಡು ಬಂತು. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಿಂದ ಅದು ಸಂಪುಟ ಸಂಪುಟವಾಗಿ ಅಚ್ಚಾಯಿತು. ಆವರೆಗೆ ಪೂಜೆಗೂ ದರ್ಶನಕ್ಕೂ ಮೀಸಲಾಗಿದ್ದ ಗ್ರಂಥ ಓದಿಗೆ ಸಿಕ್ಕಿತು.

ಜೈನ ಶಾಸ್ತ್ರದಲ್ಲಿ ಒಂದು ಪದವನ್ನು ವಸ್ತುವಿನ ಮೇಲೆ ಇಡುವ ಕ್ರಮಕ್ಕೆ ನಿಕ್ಷೇಪ ಎಂದು ಹೆಸರು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ಮೊದಲ ಅಧ್ಯಾಯದಲ್ಲೇ ಇದನ್ನು ನಾಲ್ಕಾಗಿ ಹೇಳುತ್ತದೆ: ನಾಮ, ಸ್ಥಾಪನಾ, ದ್ರವ್ಯ, ಭಾವ. ಗುಣವಿರಲಿ ಬಿಡಲಿ, ವ್ಯವಹಾರಕ್ಕೆಂದು ಇಟ್ಟ ಹೆಸರು ನಾಮನಿಕ್ಷೇಪ. ಒಂದರಲ್ಲಿ ಇನ್ನೊಂದನ್ನು ‘ಇದು ಅದೇ’ ಎಂದು ನೆಲೆಗೊಳಿಸುವುದು ಸ್ಥಾಪನಾನಿಕ್ಷೇಪ. ಮುಂದೆ ಆಗಲಿರುವುದನ್ನೋ ಹಿಂದೆ ಆಗಿದ್ದುದನ್ನೋ ಈಗಲೇ ಆ ಹೆಸರಿನಿಂದ ಕರೆಯುವುದು ದ್ರವ್ಯನಿಕ್ಷೇಪ, ರಾಜಕುಮಾರನನ್ನು ರಾಜ ಎಂದಂತೆ. ಈಗ, ಈ ಕ್ಷಣ, ವಸ್ತು ಇರುವ ನಿಜ ಸ್ಥಿತಿಯನ್ನು ಹಿಡಿದು ಹೇಳುವುದು ಭಾವನಿಕ್ಷೇಪ. ಚಪ್ಪಟೆ ಪಾದ ಎಂಬ ಹಣೆಪಟ್ಟಿ ನಾಮ. 2020ರಲ್ಲಿ ಹೆಸರು ಬದಲಾದಾಗ ಯಾರ ಕಾಲೂ ಬದಲಾಗಲಿಲ್ಲ. ಶಸ್ತ್ರಚಿಕಿತ್ಸೆಯ ಆಚೆ ಹೀಗಿರುತ್ತದೆ ಎಂದು ಮಾದರಿ ಮುನ್ನುಡಿಯುವ ಪಾದ ದ್ರವ್ಯ, ಅದು ಇನ್ನೂ ಹುಟ್ಟಿಲ್ಲ. ರೋಗಿ ನೆಲಕ್ಕೆ ಊರಿ ಮುಖ ಕಿವುಚುವ ಪಾದ ಭಾವ. ಪರದೆಯ ಮೇಲಿನ ಪಾದ ಸ್ಥಾಪನೆ.

ಸ್ಥಾಪನೆಯ ವಿಚಾರದಲ್ಲಿ ಆಚಾರ್ಯರು ತೋರಿದ ಸೂಕ್ಷ್ಮ ಇಂದಿನ ಎಷ್ಟೋ ತಾಂತ್ರಿಕ ಚರ್ಚೆಗಳಲ್ಲಿ ಕಾಣಿಸುವುದಿಲ್ಲ. ಅದರಲ್ಲಿ ಎರಡು ಬಗೆ. ಮೂಲದ ಆಕಾರವನ್ನೇ ಹೊತ್ತದ್ದು ತದಾಕಾರ, ಜಿನಬಿಂಬದಂತೆ. ಆಕಾರವಿಲ್ಲದೆ ಒಪ್ಪಂದದಿಂದ ನಿಲ್ಲುವುದು ಅತದಾಕಾರ, ಚದುರಂಗದ ಕಾಯಿಯನ್ನು ಆನೆ, ಕುದುರೆ ಎಂದಂತೆ. ವೇಣೂರಿನಲ್ಲಿ ತಿಮ್ಮಣ್ಣ ಅಜಿಲರು 1604ರಲ್ಲಿ ಫಲ್ಗುಣಿ ನದಿಯ ದಡದಲ್ಲಿ ನಿಲ್ಲಿಸಿದ 35 ಅಡಿಯ ಬಾಹುಬಲಿ ಕಲ್ಲಿನದು. 1982ರಲ್ಲಿ ಪ್ರತಿಷ್ಠೆಯಾದ ಧರ್ಮಸ್ಥಳದ 39 ಅಡಿಯ ಮೂರ್ತಿಯೂ ಕಲ್ಲಿನದು. ಅದನ್ನು ಕಡೆದವರು ರೆಂಜಾಳ ಗೋಪಾಲಕೃಷ್ಣ ಶೆಣೈ. 1430ರ ಕಾಲದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಚಂದ್ರನಾಥ ಸ್ವಾಮಿ ಪಂಚಲೋಹದ ಬಿಂಬ. ಬಂಟ್ವಾಳ ತಾಲ್ಲೂಕಿನ ಪೊಳಲಿಯ ರಾಜರಾಜೇಶ್ವರಿ ಮಣ್ಣಿನ ಮೂರ್ತಿ. ಕಲ್ಲು, ಲೋಹ, ಮಣ್ಣು ಯಾವುದಾದರೂ ಸ್ಥಾಪನೆಗೆ ಅಡ್ಡಿಯಿಲ್ಲವಾದರೆ ಅಂಕಿಯೂ ಆಗಬಹುದು. ಪಾದದ ಕಂಪ್ಯೂಟರ್ ಮಾದರಿಯ ವಿಶೇಷವೆಂದರೆ ಅದು ಅರ್ಧ ತದಾಕಾರ, ಅರ್ಧ ಅತದಾಕಾರ. ಮೂಳೆಯ ಆಕಾರ ಆ ರೋಗಿಯದ್ದೇ, ಸ್ಕ್ಯಾನ್‌ನಿಂದ ಬಂದದ್ದು. ಮೂಳೆಯ ಗಡಸುತನ, ಅಸ್ಥಿರಜ್ಜಿನ ಬಿಗುವು ಮಾತ್ರ ಆ ರೋಗಿಯದ್ದಲ್ಲ. ಎಲ್ಲೋ, ಯಾವಾಗಲೋ, ಬೇರೆಯವರ ದೇಹದಿಂದ ಅಳೆದು ಪುಸ್ತಕಕ್ಕೆ ಸೇರಿದ ಬೆಲೆ. ಚದುರಂಗದ ಕಾಯಿಯ ಹಾಗೆ ‘ಇದನ್ನು ಇಷ್ಟೆಂದು ಇಟ್ಟುಕೊಳ್ಳೋಣ’ ಎಂಬ ಒಪ್ಪಂದ. ಕಣ್ಣಿಗೆ ಕಾಣುವುದು ಆಕಾರ ಮಾತ್ರವಾದ್ದರಿಂದ ನೋಡುವವರು ಇಡೀ ಮಾದರಿಯನ್ನೇ ತದಾಕಾರವೆಂದು ನಂಬಿಬಿಡುತ್ತಾರೆ.

ಹೆಸರಿಗೂ ಸ್ಥಾಪನೆಗೂ ಇರುವ ವ್ಯತ್ಯಾಸವನ್ನು ತತ್ತ್ವಾರ್ಥಸೂತ್ರದ ಟೀಕಾಕಾರರು ಇನ್ನೊಂದು ರೀತಿಯಲ್ಲೂ ಹೇಳಿದ್ದಾರೆ. ಒಬ್ಬ ಹುಡುಗನಿಗೆ ಜಿನದಾಸ ಎಂದೋ ಇಂದ್ರ ಎಂದೋ ಹೆಸರಿಟ್ಟ ಮಾತ್ರಕ್ಕೆ ಯಾರೂ ಕೈ ಮುಗಿಯುವುದಿಲ್ಲ. ಬಿಂಬದ ಮುಂದೆ ಆದರವೂ ಅನುಗ್ರಹದ ಅಪೇಕ್ಷೆಯೂ ಹುಟ್ಟುತ್ತವೆ. ಸ್ಥಾಪನೆಯ ಸ್ವಭಾವವೇ ಆದರವನ್ನು ಸೆಳೆಯುವುದು. ಬಸದಿಯಲ್ಲಿ ಅದು ಸಲ್ಲುವ ಆದರ. ಆಸ್ಪತ್ರೆಯಲ್ಲಿ, ಕೆಂಪು ನೀಲಿ ಬಣ್ಣದ ಚಿತ್ರದ ಮುಂದೆ, ಅದೇ ಆದರ ಅಪಾಯವಾಗಬಹುದು. ಬರಿಯ ಅಂಕಿಗಳ ಪಟ್ಟಿಯನ್ನು ಕೊಟ್ಟಿದ್ದರೆ ಕೇಳುತ್ತಿದ್ದ ಪ್ರಶ್ನೆಗಳನ್ನು ಚಿತ್ರದ ಮುಂದೆ ವೈದ್ಯರಾಗಲಿ ರೋಗಿಯಾಗಲಿ ಕೇಳದೆ ಹೋಗುತ್ತಾರೆ. ಬಿಂಬ ಮತ್ತು ಭಗವಂತ ಒಂದೇ ಅಲ್ಲವೆಂಬುದನ್ನು ಮರೆಯದೆ ಪೂಜಿಸುವ ಶ್ರಾವಕರಲ್ಲಿ, ಅಂದರೆ ಜೈನ ಗೃಹಸ್ಥರಲ್ಲಿ, ಇರುವ ಎಚ್ಚರ ಇಲ್ಲೂ ಬೇಕು.

ದೇಹದ ಆಕಾರ, ಬಿಗುವುಗಳ ಬಗ್ಗೆಯೂ ಆಗಮ ಮಾತಾಡುತ್ತದೆ. ಷಟ್ಖಂಡಾಗಮದ ಜೀವಸ್ಥಾನವೆಂಬ ಖಂಡದ ಚೂಲಿಕೆಯಲ್ಲಿ, ಅಂದರೆ ಅನುಬಂಧದಲ್ಲಿ, ಕರ್ಮದ ಪ್ರಕೃತಿಗಳನ್ನು ಅಥವಾ ಬಗೆಗಳನ್ನು ಎಣಿಸುವ ಭಾಗವೊಂದಿದೆ. ಎಂಟು ಮೂಲ ಕರ್ಮಗಳಲ್ಲಿ ನಾಮಕರ್ಮವೆಂಬುದು ದೇಹವನ್ನು ಕಟ್ಟುವ ಕರ್ಮ, ಅದರ ಉಪಭೇದಗಳು 93. ಅವುಗಳಲ್ಲಿ ಸಂಸ್ಥಾನ ಆರು, ಸಂಹನನ ಆರು. ಸಂಸ್ಥಾನವೆಂದರೆ ದೇಹದ ಹೊರ ಆಕಾರ. ಎಲ್ಲ ಅಳತೆಯೂ ಸಮವಾಗಿರುವ ಸಮಚತುರಸ್ರದಿಂದ ಹಿಡಿದು, ಯಾವ ಅಂಗವೂ ಅಳತೆಗೆ ಕೂಡದ ಹುಂಡಕದವರೆಗೆ. ಸಂಹನನವೆಂದರೆ ಮೂಳೆಗಳು ಒಂದನ್ನೊಂದು ಹಿಡಿದುಕೊಂಡಿರುವ ಬಗೆ. ಮೂಳೆ, ಅದನ್ನು ಸುತ್ತಿದ ಕಟ್ಟು, ಬಿಗಿದ ಮೊಳೆ ಮೂರೂ ವಜ್ರದಂತಿರುವುದು ವಜ್ರವೃಷಭನಾರಾಚ, ಮೋಕ್ಷಕ್ಕೆ ಬೇಕಾದ ದೃಢ ದೇಹ. ಕಟ್ಟು ಸಾಧಾರಣವಾಗಿ, ಮೂಳೆ ಮೊಳೆ ಮಾತ್ರ ವಜ್ರವಾದರೆ ವಜ್ರನಾರಾಚ. ಆಮೇಲೆ ನಾರಾಚ, ಅರ್ಧ ಮಾತ್ರ ಮೊಳೆ ಹೊಡೆದ ಅರ್ಧನಾರಾಚ, ಕೀಲು ಹಾಕಿದಂಥ ಕೀಲಿಕ. ಕೊನೆಯದು ಅಸಂಪ್ರಾಪ್ತಾಸೃಪಾಟಿಕಾ: ಮೂಳೆಗಳು ಒಂದಕ್ಕೊಂದು ಬಿಗಿದಿಲ್ಲ, ನರ ಮತ್ತು ಸ್ನಾಯುಗಳು ಹೇಗೋ ಕಟ್ಟಿಹಿಡಿದಿವೆ. ಈ ಕಾಲದ ಮನುಷ್ಯರಿಗೆ ಮೊದಲನೆಯ ಸಂಹನನ ಇಲ್ಲವೆಂಬುದು ಶಾಸ್ತ್ರದ ಮಾತು.

ಆಗಮದ ಆಚಾರ್ಯರು ಅಂಗರಚನಾಶಾಸ್ತ್ರ ಬರೆಯಲು ಕೂತವರಲ್ಲ. ಈ ವರ್ಗೀಕರಣದಲ್ಲಿ ಇಂದಿನ ಮೂಳೆ ವೈದ್ಯವನ್ನು ಹುಡುಕುವುದು ಎರಡಕ್ಕೂ ಅನ್ಯಾಯ. ಆದರೆ ಅವರು ಮಾಡಿದ ಒಂದು ವಿಂಗಡಣೆ ತರ್ಕದ ದೃಷ್ಟಿಯಿಂದ ಬಹಳ ದೊಡ್ಡದು: ಆಕಾರ ಬೇರೆ, ಕಟ್ಟು ಬೇರೆ. ಒಂದೇ ಆಕಾರದ ಎರಡು ದೇಹಗಳ ಕಟ್ಟು ಬೇರೆ ಬೇರೆ ಇರಬಹುದು. ಚಪ್ಪಟೆ ಪಾದದ ಮಟ್ಟಿಗೆ ಇದು ಅಕ್ಷರಶಃ ನಿಜ. ಕಮಾನು ತಗ್ಗಿದ ಎರಡು ಪಾದಗಳು ಎಕ್ಸ್-ರೇಯಲ್ಲಿ ಒಂದೇ ರೀತಿ ಕಂಡರೂ, ಒಂದರಲ್ಲಿ ನಾರುಗಳೆಲ್ಲ ಗಟ್ಟಿಯಾಗಿದ್ದು ಹುಟ್ಟಿನಿಂದಲೇ ಆಕಾರ ಹಾಗಿರಬಹುದು, ಇನ್ನೊಂದರಲ್ಲಿ ರಜ್ಜು ಹರಿದು ಕುಸಿತ ನಡೆಯುತ್ತಿರಬಹುದು. ಬೌದ್ಧ ಪರಂಪರೆಯಂತೂ ಮಹಾಪುರುಷನ 32 ಲಕ್ಷಣಗಳಲ್ಲಿ ಮೊದಲನೆಯದಾಗಿ ನೆಲಕ್ಕೆ ಸಮವಾಗಿ ಊರುವ ಅಂಗಾಲನ್ನೇ ಹೇಳುತ್ತದೆ. ಚಪ್ಪಟೆಯೆಂಬ ಆಕಾರ ತಾನಾಗಿ ದೋಷವಲ್ಲ. ಸಿ.ಟಿ. ಸ್ಕ್ಯಾನ್ ಸಂಸ್ಥಾನವನ್ನು ಚೆನ್ನಾಗಿ ಹಿಡಿಯುತ್ತದೆ. ಸಂಹನನ ಅದರ ಕೈಗೆ ಸುಲಭವಾಗಿ ಸಿಗುವುದಿಲ್ಲ, ಅದನ್ನು ಮಾದರಿ ಕಟ್ಟುವವರು ಊಹೆಯಿಂದ ತುಂಬುತ್ತಾರೆ. ಮಾದರಿಯ ನಿಜವಾದ ಉಪಯೋಗವೂ ಇಲ್ಲೇ ಇದೆ: ಅಂಗಾಲಿನ ಪೊರೆಯನ್ನೂ ಸ್ಪ್ರಿಂಗ್ ಅಸ್ಥಿರಜ್ಜನ್ನೂ ಒಂದೊಂದಾಗಿ ಸಡಿಲಿಸಿ ನೋಡಿ, ಕಮಾನನ್ನು ಹಿಡಿದಿರುವ ಹೊಣೆಯಲ್ಲಿ ಯಾವುದರ ಪಾಲು ಎಷ್ಟು ಎಂದು ಬೇರ್ಪಡಿಸಬಹುದು. ಜೀವಂತ ಕಾಲಿನಲ್ಲಿ ಅದನ್ನು ಯಾರೂ ಮಾಡಲಾರರು.

ಮೊಳೆ, ಕೀಲು, ಕಟ್ಟು ಎಂಬ ಆಗಮದ ಪದಗಳು ಇಂದು ಸ್ಕ್ರೂ, ಪ್ಲೇಟ್, ಬೆಣೆಯಾಗಿ ಶಸ್ತ್ರಚಿಕಿತ್ಸೆಯ ಕೋಣೆಗೆ ಬಂದಿವೆ. ವಜ್ರದಂಥ ಮೊಳೆ ಸಾಧಾರಣ ಮೂಳೆಯಲ್ಲಿ ಕೂತರೆ ಏನಾಗುತ್ತದೆ ಎಂಬುದಕ್ಕೆ ಮಾದರಿಯಲ್ಲಿ ಉತ್ತರ ಸಿಗುತ್ತದೆ. ಇಂಪ್ಲಾಂಟಿಗೆ ಬಳಸುವ ಟೈಟಾನಿಯಂ ಮಿಶ್ರಲೋಹದ ಗಡಸುತನ ಸುಮಾರು 110 ಗಿಗಾಪಾಸ್ಕಲ್, ಮೂಳೆಯ ಹೊರಪದರದ್ದು 20ರ ಆಸುಪಾಸು. ಗಟ್ಟಿ ವಸ್ತು ಭಾರವನ್ನು ತನ್ನ ಕಡೆಗೆ ಎಳೆದುಕೊಂಡರೆ ಪಕ್ಕದ ಮೂಳೆಗೆ ಕೆಲಸ ಕಡಿಮೆಯಾಗುತ್ತದೆ. ಕೆಲಸವಿಲ್ಲದ ಮೂಳೆ ಸೊರಗುತ್ತದೆಂದು ಜರ್ಮನಿಯ ಯೂಲಿಯುಸ್ ವೋಲ್ಫ್ 1892ರಲ್ಲೇ ಪ್ರತಿಪಾದಿಸಿದ್ದರು. ದೃಢತೆ ಒಂದು ಕಡೆ ಹೆಚ್ಚಿದರೆ ಇಡೀ ಕಾಲು ದೃಢವಾಗುವುದಿಲ್ಲ.

ಮಾದರಿಯಿಂದ ಬಂದ ಅರಿವು ಎಷ್ಟರಮಟ್ಟಿನದು ಎಂಬ ಪ್ರಶ್ನೆಗೆ ಜೈನರ ಉತ್ತರ ನಯವಾದದಲ್ಲಿದೆ. ವಸ್ತುವಿಗೆ ಅನಂತ ಧರ್ಮಗಳು. ಒಂದು ಧರ್ಮವನ್ನು ಮುಂದಿಟ್ಟು ಉಳಿದದ್ದನ್ನು ನಿರಾಕರಿಸದೆ ಹೇಳುವುದು ನಯ. ಉಳಿದದ್ದನ್ನು ಅಲ್ಲಗಳೆದ ಕೂಡಲೇ ಅದು ದುರ್ನಯ. ಬಿಡಿಬಿಡಿಯಾಗಿ ನಿಂತ ನಯಗಳು ಮಿಥ್ಯೆ, ಒಂದನ್ನೊಂದು ಅಪೇಕ್ಷಿಸಿದಾಗ ಅವೇ ಸಾರ್ಥಕ ಎಂಬುದು ಸಮಂತಭದ್ರಾಚಾರ್ಯರ ನಿಲುವು. ಏಳು ನಯಗಳಲ್ಲಿ ಋಜುಸೂತ್ರ ನಯ ಈಗಿನ ಒಂದು ಕ್ಷಣವನ್ನು ಮಾತ್ರ ಹಿಡಿಯುತ್ತದೆ. ಎರಡೂ ಕಾಲಿನ ಮೇಲೆ ಅಲುಗಾಡದೆ ನಿಂತ ಪಾದದ ಮಾದರಿ ಅಂಥದ್ದು, ಅದು ನಿನ್ನೆಯ ಸವೆತವನ್ನೂ ನಾಳೆಯ ಸಡಿಲವನ್ನೂ ಹೇಳುವುದಿಲ್ಲ. ಕೊನೆಯದಾದ ಏವಂಭೂತ ನಯ ಇನ್ನೂ ಕಟ್ಟುನಿಟ್ಟು. ಪದದ ಅರ್ಥಕ್ಕೆ ತಕ್ಕ ಕ್ರಿಯೆ ನಡೆಯುತ್ತಿರುವಾಗ ಮಾತ್ರ ಆ ಪದ ಸಲ್ಲುತ್ತದೆಂದು ಅದರ ಪಟ್ಟು. ಪಾದ ಎಂಬ ಪದ ಚಲಿಸು ಎಂಬರ್ಥದ ಧಾತುವಿನಿಂದ ಬಂದದ್ದು. ಏವಂಭೂತ ನಯದಿಂದ ನೋಡಿದರೆ ನಡೆಯುವಾಗ ಮಾತ್ರ ಅದು ಪಾದ. ನಿಂತ ಪಾದದ ಲೆಕ್ಕವನ್ನು ನಡೆಯುವ ಪಾದಕ್ಕೆ ಅನ್ವಯಿಸುವವರಿಗೆ ಈ ಹಳೆಯ ಪಟ್ಟು ಸರಿಯಾದ ತಡೆ.

ಮಾದರಿಯ ಪಾದ ನಿಲ್ಲುವುದು ಗಟ್ಟಿಯಾದ, ಸಮತಟ್ಟಾದ ಹಲಗೆಯ ಮೇಲೆ. ಬೆಳ್ತಂಗಡಿಯ ತೋಟದಲ್ಲಿ ಕಾಲಿಗೆ ತಳೆ ಎಂಬ ಬಳೆ ಹಾಕಿ ಅಡಕೆ ಮರ ಹತ್ತುವವನ ಪಾದ ಹಲಗೆಯ ಮೇಲೆ ನಿಲ್ಲುವುದಿಲ್ಲ. ಎರಡು ಅಂಗಾಲುಗಳ ಒಳಬದಿಗಳು ಕಾಂಡವನ್ನು ಒತ್ತಿಹಿಡಿಯುತ್ತವೆ, ಭಾರ ಬೀಳುವುದು ಅಡ್ಡಕ್ಕೆ. ಮೂಡುಬಿದಿರೆಯ ಕಡಲಕೆರೆಯಲ್ಲೋ ವೇಣೂರು–ಪೆರ್ಮುಡದಲ್ಲೋ ಕಂಬಳದ ಕರೆಯಲ್ಲಿ, ಅಂದರೆ ಓಟದ ಕಣದಲ್ಲಿ, ಕೋಣಗಳ ಹಿಂದೆ ಓಡುವವನ ಪಾದ ಕೆಸರಿನಲ್ಲಿ ಹೂತು ಏಳುತ್ತದೆ. ಭೂತಾರಾಧನೆಯ ನೇಮದಲ್ಲಿ ಕಾಲಿಗೆ ಗಗ್ಗರ ಕಟ್ಟಿ ರಾತ್ರಿಯಿಡೀ ಕುಣಿಯುವವರ, ಯಕ್ಷಗಾನದ ರಂಗಸ್ಥಳದಲ್ಲಿ ದಿಗಿಣ ಹಾಕುವವರ ಪಾದಕ್ಕೆ ಬೀಳುವ ಹೊಡೆತ ದೇಹದ ತೂಕದ ಹಲವು ಪಟ್ಟು. ಮುರಕಲ್ಲಿನ ಅಂಗಳದಲ್ಲಿ ಬರಿಗಾಲಲ್ಲಿ ಓಡಾಡುವ, ಕುಕ್ಕರುಗಾಲಲ್ಲಿ ಕೂತು ಕೆಲಸ ಮಾಡುವ ಹೆಂಗಸಿನ ಕಣಕಾಲು ಮಡಿಯುವಷ್ಟು, ಬೂಟು ಹಾಕಿ ಕುರ್ಚಿಯಲ್ಲಿ ಕೂರುವವರದ್ದು ಮಡಿಯುವುದಿಲ್ಲ. ಕೀಲು ಬೆಸೆದರೆ ಕಮಾನು ನಿಲ್ಲಬಹುದು, ಅಡಕೆ ಮರ ಹತ್ತುವುದು ನಿಲ್ಲುತ್ತದೆ. ಮಾದರಿ ಕಟ್ಟುವಾಗ ‘ಗಡಿ ನಿಬಂಧನೆ’ ಎಂದು ಒಂದು ಸಾಲಿನಲ್ಲಿ ಮುಗಿಸುವ ವಿಷಯ ಇಲ್ಲಿ ಒಬ್ಬ ಮನುಷ್ಯನ ಇಡೀ ಬದುಕು.

ಇದನ್ನು ಅರಿತು ಮಾಡಿದ ಕೆಲಸಕ್ಕೆ ಭಾರತದಲ್ಲೇ ದೊಡ್ಡ ನಿದರ್ಶನವಿದೆ. ಪ್ರಮೋದ್ ಕರಣ್ ಸೇಠಿ ಎಂಬ ವೈದ್ಯರೂ ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿಯೂ ರೂಪಿಸಿದ ಜೈಪುರ ಪಾದ, ಬರಿಗಾಲಲ್ಲಿ ನಡೆಯುವ, ಗದ್ದೆಗಿಳಿಯುವ, ಕುಕ್ಕರುಗಾಲಲ್ಲಿ ಕೂರುವ ಜನರನ್ನು ಮನಸ್ಸಿನಲ್ಲಿಟ್ಟು ಹುಟ್ಟಿದ್ದು. 1975ರಲ್ಲಿ ಸ್ಥಾಪನೆಯಾದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಅದನ್ನು ಉಚಿತವಾಗಿ ಹಂಚುತ್ತ ಬಂತು. ಅದು ಕತ್ತರಿಸಿದ ಕಾಲಿಗೆ ಹೊರಗಿನಿಂದ ಜೋಡಿಸುವ ಪಾದ, ಒಳಗೆ ಕೂರಿಸುವ ಇಂಪ್ಲಾಂಟ್ ಅಲ್ಲ. ಆದರೂ ಮೊದಲು ಬದುಕನ್ನು ನೋಡಿ ಆಮೇಲೆ ಲೆಕ್ಕಕ್ಕೆ ಕೂರುವ ಕ್ರಮ ಎರಡಕ್ಕೂ ಒಂದೇ. ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬದಂತೆ ಇನ್ನೊಂದಿಲ್ಲವೆಂದು ಹೇಳುತ್ತಾರೆ. ಪಾದಗಳೂ ಹಾಗೆಯೇ, ಮತ್ತು ಅವುಗಳ ಮೇಲೆ ಬೀಳುವ ಬದುಕೂ.

ಇಷ್ಟು ಹೇಳಿದ ಮೇಲೆ ಒಂದು ಧಾರ್ಮಿಕ ಶಂಕೆ ಉಳಿಯುತ್ತದೆ. ದೇಹದ ಆಕಾರವೂ ಕಟ್ಟೂ ನಾಮಕರ್ಮದ ಫಲವಾದರೆ, ಅದನ್ನು ಲೋಹದ ಗೂಟದಿಂದ ತಿದ್ದುವುದು ಕರ್ಮಕ್ಕೆ ಎದುರು ನಿಂತಂತೆ ಆಗದೇ? ಜೈನ ಕರ್ಮಸಿದ್ಧಾಂತ ಹಣೆಬರಹದ ವಾದವಲ್ಲ. ಕರ್ಮ ಫಲ ಕೊಡುವುದಕ್ಕೂ ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಮಿತ್ತ ಬೇಕು. ಕಟ್ಟಿದ ಕರ್ಮದ ಸ್ಥಿತಿ ಇಳಿಯಬಹುದು, ಏರಬಹುದು, ಒಂದು ಉಪಭೇದ ಇನ್ನೊಂದಾಗಿ ಸಂಕ್ರಮಿಸಬಹುದು. ಚಿಕಿತ್ಸೆ ಅಂಥ ಒಂದು ನಿಮಿತ್ತ. ಶ್ರಾವಕನ ನಾಲ್ಕು ದಾನಗಳಲ್ಲಿ ಔಷಧ ದಾನ ಒಂದು. ಧರ್ಮಸ್ಥಳದ ಚತುರ್ವಿಧ ದಾನದ ಪರಂಪರೆಯಲ್ಲೂ ಅನ್ನ, ವಿದ್ಯೆ, ಅಭಯಗಳ ಜೊತೆಗೆ ಔಷಧಕ್ಕೆ ಸ್ಥಾನವಿದೆ. ಮುನಿಗಳ ಆಚಾರವೇ ಕಾಲಿನ ಬಲದ ಮೇಲೆ ನಿಂತದ್ದು. ದಿಗಂಬರ ಮುನಿಗಳು ಬರಿಗಾಲಲ್ಲಿ ವಿಹರಿಸುತ್ತಾರೆ, ನಿಂತೇ ಆಹಾರ ತೆಗೆದುಕೊಳ್ಳುತ್ತಾರೆ, ನಿಂತು ಕಾಯೋತ್ಸರ್ಗವೆಂಬ, ದೇಹಮಮತೆ ಬಿಡುವ ಧ್ಯಾನ ಮಾಡುತ್ತಾರೆ. ನಿಲ್ಲಲು ಆಗದ ಸ್ಥಿತಿ ಬಂದರೆ ಸಲ್ಲೇಖನದ, ಅಂದರೆ ಉಪವಾಸದಿಂದ ದೇಹ ಬಿಡುವ ವ್ರತದ, ಪ್ರಶ್ನೆಯೇ ಎದುರಾಗುತ್ತದೆ. ದೇಹದ ಮೇಲಿನ ಮಮತೆಯನ್ನು ಬಿಡುವುದಕ್ಕೂ ದೇಹ ನೆಟ್ಟಗೆ ನಿಲ್ಲಬೇಕು.

ಶಸ್ತ್ರಚಿಕಿತ್ಸೆಯ ನೋವು ಹಿಂಸೆಯೇ ಎಂಬುದಕ್ಕೆ ಕನ್ನಡ ನಾಡಿನ ಪೂಜ್ಯಪಾದಾಚಾರ್ಯರು ತತ್ತ್ವಾರ್ಥಸೂತ್ರದ ಟೀಕೆಯಾದ ಸರ್ವಾರ್ಥಸಿದ್ಧಿಯಲ್ಲಿ ನೇರ ಉತ್ತರ ಕೊಟ್ಟಿದ್ದಾರೆ. ಪರಮ ಕರುಣೆಯಿಂದ ಒಬ್ಬ ವೈದ್ಯ ಮುನಿಯ ಮೈಮೇಲಿನ ಹುಣ್ಣನ್ನು ಕೊಯ್ದಾಗ ಮುನಿಗೆ ದುಃಖವಾಗುತ್ತದೆ, ಆದರೂ ವೈದ್ಯನಿಗೆ ಪಾಪಬಂಧವಿಲ್ಲ ಎಂಬುದು ಅವರ ಉದಾಹರಣೆ. ಹಿಂಸೆಯನ್ನು ತೀರ್ಮಾನಿಸುವುದು ಪ್ರಮಾದ, ಅಂದರೆ ಎಚ್ಚರಗೇಡಿತನ. ಇಂಪ್ಲಾಂಟಿನ ಮಾದರಿ ಕಟ್ಟುವವರ ನೀತಿಯೆಲ್ಲ ಈ ಒಂದು ಪದದಲ್ಲಿದೆ. ಲೆಕ್ಕ ಸರಿಯಾಗಿ ಮಾಡಿದೆಯೇ ಎಂಬುದು ಒಂದು ಪರೀಕ್ಷೆ. ಮಾಡಿದ ಲೆಕ್ಕ ನಿಜವಾದ ಪಾದಕ್ಕೆ ಹೊಂದುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದನ್ನು ಕಂಪ್ಯೂಟರಿನ ಮುಂದೆ ಕೂತು ಮುಗಿಸಬಹುದು. ಎರಡನೆಯದಕ್ಕೆ ಅಂಗಾಲಿನ ಒತ್ತಡ ಅಳೆಯುವ ಹಲಗೆ ಬೇಕು, ದೇಹದಾನದಿಂದ ಬಂದ ಪಾದಗಳ ಮೇಲಿನ ಪ್ರಯೋಗ ಬೇಕು, ಚಿಕಿತ್ಸೆಯಾದವರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ನೋಡಬೇಕು. ವೈದ್ಯಕೀಯ ಸಾಧನಗಳ ಕಂಪ್ಯೂಟರ್ ಮಾದರಿ ಎಷ್ಟು ನಂಬಲರ್ಹ ಎಂದು ನಿರ್ಧರಿಸಲು ಅಮೆರಿಕದ ಮೆಕ್ಯಾನಿಕಲ್ ಇಂಜಿನಿಯರುಗಳ ಸಂಘ 2018ರಲ್ಲಿ ಮಾನದಂಡವೊಂದನ್ನು ಪ್ರಕಟಿಸಿತು. ಮಾದರಿಯನ್ನು ನಂಬಿ ತೆಗೆದುಕೊಳ್ಳುವ ನಿರ್ಧಾರ ತಪ್ಪಿದರೆ ರೋಗಿಗೆ ಆಗುವ ಹಾನಿ ಎಷ್ಟು ದೊಡ್ಡದೋ, ಪರೀಕ್ಷೆ ಅಷ್ಟು ಕಠಿಣವಾಗಿರಬೇಕು ಎಂಬುದು ಅದರ ತಿರುಳು. ಭಾರತದಲ್ಲಿ ಇಂಪ್ಲಾಂಟುಗಳು 2018ರ ಜನವರಿ 1ರಿಂದ ಜಾರಿಯಲ್ಲಿರುವ ವೈದ್ಯಕೀಯ ಸಾಧನಗಳ ನಿಯಮಗಳ ಅಡಿಯಲ್ಲಿ ಬರುತ್ತವೆ. ಎಚ್ಚರದಿಂದ ಎಲ್ಲ ಪರೀಕ್ಷೆ ಮಾಡಿದ ಮೇಲೂ ಗೂಟ ಸಡಿಲವಾದರೆ ಅದು ದುಃಖ, ಪ್ರಮಾದವಲ್ಲ. ಪರೀಕ್ಷೆಯನ್ನೇ ಬಿಟ್ಟು ಬಣ್ಣದ ಚಿತ್ರ ತೋರಿಸಿ ಒಪ್ಪಿಸಿದರೆ, ಗೂಟ ಗಟ್ಟಿಯಾಗಿ ನಿಂತರೂ ಅದು ಪ್ರಮಾದವೇ.

ವಸ್ತುವಿನ ಪ್ರಶ್ನೆಯೂ ಒಂದಿದೆ. ಹೊರಬದಿಯ ಮೂಳೆಯನ್ನು ಉದ್ದ ಮಾಡಲು ಸೇರಿಸುವ ಬೆಣೆ ರೋಗಿಯ ಸೊಂಟದ ಮೂಳೆಯದ್ದಾಗಬಹುದು, ದಾನಿಯ ಮೂಳೆಯದ್ದಾಗಬಹುದು, ಲೋಹದ್ದಾಗಬಹುದು. ಕೆಲವು ಮೂಳೆ ತುಂಬುವ ಸಾಮಗ್ರಿಗಳು ದನದ ಮೂಳೆಯಿಂದ ತಯಾರಾಗುತ್ತವೆ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕವೆಂಬ ವೈದ್ಯಗ್ರಂಥದಲ್ಲಿ ಮಾಂಸ, ಮದ್ಯ, ಜೇನುಗಳಿಲ್ಲದೆಯೇ ಇಡೀ ಚಿಕಿತ್ಸಾಕ್ರಮವನ್ನು ಕಟ್ಟಿದವರು. ಆ ಪರಂಪರೆಯಲ್ಲಿ ಬೆಳೆದ ರೋಗಿ ‘ಒಳಗೆ ಹಾಕುವುದು ಯಾವುದರದ್ದು’ ಎಂದು ಕೇಳಿದರೆ ಅದು ಮೂಢನಂಬಿಕೆಯಲ್ಲ, ಉತ್ತರ ಪಡೆಯಲೇಬೇಕಾದ ಪ್ರಶ್ನೆ. ಬೇರೆ ಬೇರೆ ಗಡಸುತನದ ಬೆಣೆಗಳನ್ನು ಮಾದರಿಯಲ್ಲಿ ಹೋಲಿಸಿ ನೋಡಲು ಸಾಧ್ಯವಿರುವುದರಿಂದ ಪರ್ಯಾಯವನ್ನು ಹುಡುಕುವುದು ವೈದ್ಯರಿಗೂ ಸುಲಭ. ಪ್ರಯೋಗಕ್ಕೆಂದು ಪ್ರಾಣಿಗಳ ಕಾಲು ಮುರಿಯುವ ಅಗತ್ಯವನ್ನು ಮಾದರಿ ಎಷ್ಟು ಕಡಿಮೆ ಮಾಡುತ್ತದೋ ಅಷ್ಟರಮಟ್ಟಿಗೆ ಅದು ಅಹಿಂಸೆಯ ಸಾಧನವೂ ಹೌದು.

ಕೊನೆಗೆ ಉಳಿಯುವುದು ನೋವು. ಕರ್ಮಶಾಸ್ತ್ರ ಅದನ್ನು ನಾಮಕರ್ಮದಲ್ಲಿ ಸೇರಿಸಿಲ್ಲ. ಸುಖ ದುಃಖಗಳ ಅನುಭವಕ್ಕೆ ವೇದನೀಯ ಎಂಬ ಬೇರೆಯೇ ಮೂಲ ಕರ್ಮವನ್ನು ಹೇಳಿದೆ. ಆಕಾರ ಒಂದು, ಕಟ್ಟು ಇನ್ನೊಂದು, ವೇದನೆ ಮತ್ತೊಂದು. ಮೊದಲೆರಡನ್ನು ನೋಡಿ ಮೂರನೆಯದನ್ನು ಊಹಿಸಲಾಗದು. ಕಮಾನು ಪೂರ್ತಿ ತಗ್ಗಿದ್ದರೂ ಒಂದು ದಿನವೂ ನೋಯದ ಪಾದಗಳಿವೆ. ಎಕ್ಸ್-ರೇಯಲ್ಲಿ ಅಂದವಾಗಿ ತಿದ್ದಿಕೊಂಡ ಮೇಲೂ ನೋಯುವ ಪಾದಗಳಿವೆ. ಕಂಪ್ಯೂಟರ್ ಮಾದರಿ ಒತ್ತಡವನ್ನು ಮೆಗಾಪಾಸ್ಕಲ್‌ಗಳಲ್ಲಿ ಹೇಳುತ್ತದೆ. ಮೆಗಾಪಾಸ್ಕಲ್ ನೋವಿನ ಅಳತೆಯಲ್ಲ. ಮಾದರಿಯಲ್ಲಿ ಕೆಂಪು ಕಂಡಲ್ಲಿ ರೋಗಿಗೆ ನೋಯಬೇಕೆಂದಿಲ್ಲ, ನೀಲಿ ಇದ್ದಲ್ಲಿ ನೋಯಬಾರದೆಂದೂ ಇಲ್ಲ. ನೋವಿನ ವಿಚಾರದಲ್ಲಿ ಭಾವನಿಕ್ಷೇಪವೊಂದೇ ಪ್ರಮಾಣ, ಅದನ್ನು ಬಲ್ಲವರು ಆ ಪಾದವನ್ನು ಹೊತ್ತವರು ಮಾತ್ರ. ಒಂಟಿ ಕಾಲಲ್ಲಿ ನಿಂತು ಹಿಮ್ಮಡಿ ಎತ್ತಲು ಬರುತ್ತದೆಯೇ, ಗುಡ್ಡ ಹತ್ತುವಾಗ ಎಲ್ಲಿ ನೋಯುತ್ತದೆ, ಎಷ್ಟು ದೂರ ನಡೆದ ಮೇಲೆ ಕೂರಬೇಕೆನಿಸುತ್ತದೆ ಎಂಬ ಮಾತುಗಳನ್ನು ಕೇಳಿ, ಕೈಯಿಂದ ಮುಟ್ಟಿ ನೋಡಿದ ಮೇಲೆಯೇ ಮಾದರಿಯ ಸರದಿ. ನೋವಿಲ್ಲದ, ಕೈಯಿಂದ ತಿದ್ದಿದರೆ ಬಾಗುವ ಚಪ್ಪಟೆ ಪಾದಕ್ಕೆ, ಮಾದರಿ ಏನೇ ಬಣ್ಣ ತೋರಿಸಲಿ, ಶಸ್ತ್ರಚಿಕಿತ್ಸೆ ಬೇಕಿಲ್ಲ.